ಉದ್ದ ಕೂದಲಿಗೆ ತುರುಬುಕಡ್ಡಿ, ತಂತಿಪಿನ್ನು, ಬಟ್ಟೆ ಬ್ಯಾಂಡು ಮಾಡುವ ಬಗೆ

ಸಿದ್ಧವಾಗಿ ಸಿಗುವ ಕ್ಲಿಪ್ಪುಗಳಲ್ಲಿ ಹೆಚ್ಚಿನವು ಹೆಗಲುದ್ದದ ಕೂದಲಿಗೆ ಸರಿಹೋಗುವಂಥವು. ಸೊಂಟ ಮುಟ್ಟುವ ಕೂದಲನ್ನು ತುರುಬು ಕಟ್ಟಿ ಅಂಥ ಕ್ಲಿಪ್ಪು ಹಾಕಿದರೆ ಅದು ಹೊರಸುತ್ತನ್ನಷ್ಟೇ ಕಚ್ಚಿ ಹಿಡಿಯುತ್ತದೆ. ಒಳಗಿನ ಭಾರ ಜಗ್ಗಿ ಸ್ವಲ್ಪ ಹೊತ್ತಿನಲ್ಲೇ ತುರುಬು ಹೆಡಕಿಗೆ ಇಳಿಯುತ್ತದೆ. ತುರುಬಿನ ಹೊರಸುತ್ತನ್ನೂ ತಲೆಗೆ ಅಂಟಿದ ಬುಡದ ಕೂದಲನ್ನೂ ಒಟ್ಟಿಗೆ ಹೊಲಿದಂತೆ ಹಿಡಿಯುವ ಉದ್ದನೆಯ ಕಡ್ಡಿಯೋ ಎರಡು ಕಾಲಿನ ಪಿನ್ನೋ ಇದ್ದರೆ ಈ ತೊಂದರೆ ಇಲ್ಲ. ಎರಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಅಳತೆ. ನೀವು ಸಾಮಾನ್ಯವಾಗಿ ಕಟ್ಟುವ ತುರುಬನ್ನೇ ಕಟ್ಟಿ, ಅದರ ಅಗಲವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸ್ಕೇಲಿನಿಂದ ಅಳೆಯಿರಿ. ಕಡ್ಡಿಗೆ ಈ ಅಗಲದ ಮೇಲೆ 5 ಸೆಂ.ಮೀ. ಸೇರಿಸಿ, ಎರಡು ಕಾಲಿನ ಪಿನ್ನಿಗಾದರೆ 2ರಿಂದ 3 ಸೆಂ.ಮೀ. ಸಾಕು. ತುರುಬು 10 ಸೆಂ.ಮೀ. ಅಗಲವಿದ್ದರೆ ಕಡ್ಡಿ 15, ಪಿನ್ನು 12ರಿಂದ 13. ಕಡ್ಡಿ ಗಿಡ್ಡವಾದರೆ ತುದಿ ತುರುಬಿನೊಳಗೇ ಉಳಿದು ಜಾರುತ್ತದೆ. ತೀರಾ ಉದ್ದವಾದರೆ ಕುರ್ಚಿಯ ಬೆನ್ನಿಗೂ ಚೀಲದ ಪಟ್ಟಿಗೂ ಸಿಕ್ಕಿಕೊಳ್ಳುತ್ತದೆ.

ಮರದ ಕಡ್ಡಿ

ತೇಗ, ಬೀಟೆಯಂಥ ಗಟ್ಟಿ ಮರ ಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನೆ ಮರ ಬೇಗ ಸಿಬಿರು ಏಳುತ್ತದೆ. ಬಿದಿರು ಬಲವಾದದ್ದೇ, ಆದರೆ ಅದರ ನಾರು ಉದ್ದಕ್ಕೆ ಸೀಳುತ್ತದೆ. ಬಿದಿರಿನಲ್ಲೇ ಮಾಡುವುದಾದರೆ ತುದಿಯನ್ನು ಇನ್ನಷ್ಟು ದುಂಡಗೆ ಇಡಿ. ಮರದ ಎಳೆ ಕಡ್ಡಿಯ ಉದ್ದಕ್ಕೂ ನೇರವಾಗಿ ಹೋಗಿರಬೇಕು. ಎಳೆ ಓರೆಯಾಗಿ ಒಂದು ಬದಿಯಿಂದ ಹೊರಬಂದಿದ್ದರೆ ಕಡ್ಡಿ ಮುರಿಯುವುದು ಅಲ್ಲಿಯೇ, ಅದೂ ಬಹುಪಾಲು ಕೂದಲೊಳಗೆ ತಿರುಗಿಸುವಾಗ.

8 ಮಿ.ಮೀ. ಚೌಕದ ಪಟ್ಟಿಯನ್ನು ಬೇಕಾದ ಉದ್ದಕ್ಕಿಂತ 2 ಸೆಂ.ಮೀ. ಹೆಚ್ಚು ಕತ್ತರಿಸಿಕೊಳ್ಳಿ. ಮೊದಲು ನಾಲ್ಕು ಮೂಲೆ ಹೆರೆದು ಎಂಟು ಮುಖ ಮಾಡಿ, ಆಮೇಲೆ ಆ ಅಂಚುಗಳನ್ನೂ ಹೆರೆದು ದುಂಡಗೆ ತನ್ನಿ. ನೇರವಾಗಿ ದುಂಡು ಮಾಡಲು ಹೊರಟರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುವುದು ಖಚಿತ. ನಡುಭಾಗ 6ರಿಂದ 7 ಮಿ.ಮೀ. ಇರಲಿ. ಕೊನೆಯ 5 ಸೆಂ.ಮೀ. ಮಾತ್ರ ನಿಧಾನವಾಗಿ ಸಣ್ಣದಾಗುತ್ತ 3 ಮಿ.ಮೀ.ಗೆ ಬಂದು ದುಂಡಗೆ ಮುಗಿಯಲಿ. ಚೂಪು ಬೇಡ: ತುದಿ ಕೂದಲನ್ನು ಬಿಡಿಸಿಕೊಂಡು ಹೋಗಬೇಕೇ ಹೊರತು ನೆತ್ತಿಯನ್ನು ಗೀಚಬಾರದು.

ಇನ್ನು ಉಜ್ಜುವ ಕೆಲಸ. ಕಡ್ಡಿ ಚೆನ್ನಾಗುವುದೂ ಕೆಡುವುದೂ ಇಲ್ಲಿಯೇ. 120 ನಂಬರಿನ ಸ್ಯಾಂಡ್ ಪೇಪರಿನಿಂದ ಶುರು ಮಾಡಿ, 220, ಆಮೇಲೆ 400. ಪ್ರತಿ ಹಂತದಲ್ಲೂ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡಡ್ಡ ಉಜ್ಜಿದ ಗೀರು 400ರಲ್ಲೂ ಹೋಗುವುದಿಲ್ಲ. 400 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಕಡ್ಡಿಯನ್ನು ಒರೆಸಿ ಪೂರ್ತಿ ಒಣಗಲು ಬಿಡಿ. ನೀರು ಕುಡಿದ ಮರದ ನಾರು ಮೇಲೆದ್ದು ಕಡ್ಡಿ ಮತ್ತೆ ತರಕಲಾಗಿರುತ್ತದೆ. ಅದನ್ನು ಹಳೆಯ 400ರ ಪೇಪರಿನಿಂದ ಹಗುರವಾಗಿ ಉಜ್ಜಿ ತೆಗೆಯಿರಿ. ಈ ಹೆಜ್ಜೆ ಬಿಟ್ಟರೆ ಅದೇ ನಾರು ಮುಂದೆ ತೇವದ ಕೂದಲಲ್ಲಿ ಏಳುತ್ತದೆ. ಮುಗಿಯಿತೇ ಎಂದು ನೋಡಲು ಹತ್ತಿಯ ಉಂಡೆಯಿಂದ ಕಡ್ಡಿಯ ಸುತ್ತಲೂ ಒರೆಸಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಕೂದಲೂ ಸಿಕ್ಕಿಕೊಳ್ಳುತ್ತದೆ.

ಮೇಲ್ಲೇಪಕ್ಕೆ ಅಗಸೆ ಎಣ್ಣೆ ಒಳ್ಳೆಯದು. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ನಿಂತದ್ದನ್ನೆಲ್ಲ ಒರೆಸಿಬಿಡಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಇನ್ನೊಂದು ಸಲ. ಹಸಿ ಎಣ್ಣೆಯಾದರೆ ಒಣಗಲು ಹಲವು ದಿನ ಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವ ಅಗಸೆ ಎಣ್ಣೆ ತಾನೇ ಬಿಸಿಯಾಗಿ ಬಟ್ಟೆಗೆ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿದ ಮೇಲೆಯೇ ಬಿಸಾಡಿ. ತೆಂಗಿನೆಣ್ಣೆ ಇದಕ್ಕೆ ಆಗುವುದಿಲ್ಲ, ಅದು ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ದಪ್ಪ ವಾರ್ನಿಶ್ ನೋಡಲು ಹೊಳೆಯುತ್ತದೆ ನಿಜ, ಆದರೆ ತುದಿಯಲ್ಲಿ ಚಕ್ಕೆ ಎದ್ದರೆ ಅದರ ಅಂಚು ಕೂದಲನ್ನು ಕತ್ತರಿಸುತ್ತದೆ.

ತಲೆಯ ಕಡೆ ಮಣಿ ಬೇಕಿದ್ದರೆ ಕಡ್ಡಿಯ ಆ ತುದಿಯನ್ನು 1 ಸೆಂ.ಮೀ. ಉದ್ದ, ಮಣಿಯ ತೂತಿನಷ್ಟೇ ದಪ್ಪಕ್ಕೆ ಹೆರೆದು, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಿಂದ ಕೂರಿಸಿ. ತಕ್ಷಣ ಅಂಟುವ ಸಣ್ಣ ಟ್ಯೂಬಿನ ಗೋಂದು ಗಡುಸು. ಕಡ್ಡಿ ಒಮ್ಮೆ ನೆಲಕ್ಕೆ ಬಿದ್ದರೆ ಮಣಿ ಕಳಚಬಹುದು. ಭಾರದ ಲೋಲಕ ತೂಗುಹಾಕಿದರೆ ಕಡ್ಡಿ ಆ ಕಡೆಗೇ ವಾಲುತ್ತದೆ.

ಕಡ್ಡಿ ಸಿಕ್ಕಿಸುವ ರೀತಿ

ತುರುಬಿನ ನಡುವೆ ನೇರ ಚುಚ್ಚಿದರೆ ಯಾವ ಕಡ್ಡಿಯೂ ನಿಲ್ಲದು. ಕೂದಲನ್ನು ಹುರಿ ಮಾಡಿ ಬುಡದ ಸುತ್ತ ಸುತ್ತಿ, ತುದಿಯನ್ನು ಅಡಿಗೆ ಸೇರಿಸಿಕೊಳ್ಳಿ. ಕಡ್ಡಿಯ ಮೊನೆ ತುರುಬಿನಿಂದ ಹೊರಮುಖವಾಗಿರುವಂತೆ ಹಿಡಿದು, ಹೊರಸುತ್ತಿನ ಅಂಚಿನಿಂದ ಒಂದಿಷ್ಟು ಕೂದಲನ್ನು ಎತ್ತಿಕೊಳ್ಳಿ. ಮೊನೆ ನೆತ್ತಿಗೆ ತಾಗಿದಾಗ ಅಲ್ಲಿನ ಬುಡದ ಕೂದಲನ್ನೂ ಸ್ವಲ್ಪ ಸೇರಿಸಿಕೊಂಡು, ಕಡ್ಡಿಯನ್ನು ಪೂರ್ತಿ ಮಗುಚಿ ತುರುಬಿನ ಕಡೆಗೆ ತಿರುಗಿಸಿ. ಈಗ ನೆತ್ತಿಗೆ ಒತ್ತಿಕೊಂಡೇ ತುರುಬಿನ ಅಡಿಯಲ್ಲಿ ತಳ್ಳಿ, ಎದುರಿನ ಅಂಚಿನ ಸುತ್ತಿನ ಮೇಲೆ ಹೊರತೆಗೆಯಿರಿ.

ಮಗುಚುವಾಗ ಸ್ವಲ್ಪ ಬಿಗಿ ಅನ್ನಿಸಬೇಕು. ಏನೂ ಅನ್ನಿಸದಿದ್ದರೆ ಬುಡದ ಕೂದಲು ಸಿಕ್ಕಿಲ್ಲ, ತುರುಬು ಜೋತುಬೀಳುತ್ತದೆ. ನೋವಾದರೆ ಹೆಚ್ಚು ಕೂದಲು ಹಿಡಿದಿದ್ದೀರಿ. ಸಹಿಸಿಕೊಳ್ಳದೆ ತೆಗೆದು ಮತ್ತೆ ಹಾಕಿ. ದಿನವೂ ಒಂದೇ ಜಾಗವನ್ನು ಬಿಗಿಯಾಗಿ ಎಳೆದರೆ ಅಲ್ಲಿ ಕೂದಲು ವಿರಳವಾಗುತ್ತದೆ, ಹಣೆಯಂಚಿನಲ್ಲಂತೂ ಬೇಗ. ಹಾಗಾಗಿ ತುರುಬನ್ನು ಒಂದು ದಿನ ಮೇಲೆ, ಒಂದು ದಿನ ಕೆಳಗೆ ಕಟ್ಟಿ.

ತಂತಿಪಿನ್ನು

ನುಣುಪಾಗಿ ಜಾರುವ ಕೂದಲಿಗೆ ಕಡ್ಡಿಗಿಂತ ಯು ಆಕಾರದ ಪಿನ್ನು ಒಳ್ಳೆಯದು, ಅದು ತಿರುಗುವುದಿಲ್ಲ. ಹಿತ್ತಾಳೆ ತಂತಿ ದಟ್ಟ ಕೂದಲಿಗೆ 3 ಮಿ.ಮೀ., ತೆಳು ಕೂದಲಿಗೆ 2.5 ಮಿ.ಮೀ. ದಪ್ಪ. 2 ಮಿ.ಮೀ. ತಂತಿ ದೊಡ್ಡ ತುರುಬಿನ ಭಾರಕ್ಕೆ ಬಾಗುತ್ತದೆ, ಅಲ್ಯೂಮಿನಿಯಂ ಇನ್ನೂ ಮೆತ್ತಗೆ.

ಮೇಲೆ ಹೇಳಿದ 10 ಸೆಂ.ಮೀ. ಅಗಲದ ತುರುಬಿಗಾದರೆ 26 ಸೆಂ.ಮೀ. ತಂತಿ ಕತ್ತರಿಸಿ. ನಡುವನ್ನು ಗುರುತು ಮಾಡಿ, 16 ಮಿ.ಮೀ. ವ್ಯಾಸದ ಕೊಳವೆಯ ಮೇಲೆ ಕೈಯಿಂದಲೇ ಬಗ್ಗಿಸಿ. ಇಕ್ಕಳದಿಂದ ಬಗ್ಗಿಸಿದರೆ ಹಲ್ಲಿನ ಗುರುತು ಉಳಿಯುತ್ತದೆ. ಬಿಟ್ಟ ಕೂಡಲೇ ತಂತಿ ಸ್ವಲ್ಪ ಬಿಚ್ಚಿಕೊಳ್ಳುವುದರಿಂದ ಕಾಲುಗಳ ನಡುವಿನ ಜಾಗ 16ಕ್ಕಿಂತ ತುಸು ಹೆಚ್ಚೇ ಬರುತ್ತದೆ. ಬಾಗಿದ ಭಾಗವನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಒಂದಿಷ್ಟು ಚಪ್ಪಟೆಯಾಗಲಿ. ಪೆಟ್ಟು ತಿಂದ ಹಿತ್ತಾಳೆ ಗಡುಸಾಗಿ ಪಿನ್ನಿಗೆ ಸ್ಪ್ರಿಂಗಿನ ಗುಣ ಬರುತ್ತದೆ. ಅತಿಯಾಗಿ ಬಡಿದರೆ ಬಿರುಕು. ಬಗ್ಗಿಸಲು ಸುಲಭವಾಗಲೆಂದು ಬೆಂಕಿಗೆ ಹಿಡಿದರೆ ಇದ್ದ ಗಡಸುತನವೂ ಹೋಗುತ್ತದೆ.

ಎರಡೂ ಕಾಲು ನಡುವಿನಲ್ಲಿ ತುಸು ಒಳಕ್ಕೆ, ಕೊನೆಯಲ್ಲಿ ತಲಾ 2 ಮಿ.ಮೀ. ಹೊರಕ್ಕೆ ಬಾಗಿರಲಿ. ಒಳಬಾಗಿದ ಜಾಗ ಹಿಡಿಯುತ್ತದೆ, ಹೊರಬಾಗಿದ ತುದಿಯಿಂದ ಸಿಕ್ಕಿಸುವುದು ಸುಲಭ. ತಂತಿ ಕತ್ತರಿಸಿದ ತುದಿಯಲ್ಲಿ ಬ್ಲೇಡಿನಂಥ ಅಂಚು ಇರುತ್ತದೆ. ಅದನ್ನು ಅರದಿಂದ ಅರ್ಧಗೋಳವಾಗುವವರೆಗೆ ಉಜ್ಜಿ, ಆಮೇಲೆ 400, 800, 1200ರ ಪೇಪರು. ಇಲ್ಲಿಯೂ ಹತ್ತಿಯ ಪರೀಕ್ಷೆಯೇ. ಬೆವರಿಗೆ ಹಿತ್ತಾಳೆ ಕಪ್ಪಾಗುತ್ತದೆ. ತೆಗೆದ ಮೇಲೆ ಒಣಬಟ್ಟೆಯಿಂದ ಒರೆಸಿಡಿ. ಲೋಹ ತಾಗಿದರೆ ತುರಿಕೆಯಾಗುವವರು ಮರದ ಕಡ್ಡಿಗೇ ಅಂಟಿಕೊಳ್ಳುವುದು ಲೇಸು.

ಬಟ್ಟೆ ಬ್ಯಾಂಡು

ಜಡೆಯ ತುದಿಗೆ ಬರಿ ರಬ್ಬರು ಹಾಕಬೇಡಿ, ಅದು ಕೂದಲಿಗೆ ಅಂಟಿ ಕಿತ್ತು ತೆಗೆಯುತ್ತದೆ. ಈಗಾಗಲೇ ಸಿಕ್ಕಿಕೊಂಡಿದ್ದರೆ ಎಳೆಯದೆ ರಬ್ಬರನ್ನೇ ಕತ್ತರಿಸಿ. ಇಡೀ ಕೂದಲನ್ನು ಕಟ್ಟುವ ಬ್ಯಾಂಡಿಗೆ 50 × 10 ಸೆಂ.ಮೀ. ಸಾಟಿನ್ ಅಥವಾ ರೇಷ್ಮೆ ಬಟ್ಟೆ, 6 ಮಿ.ಮೀ. ಅಗಲದ 20 ಸೆಂ.ಮೀ. ಎಲಾಸ್ಟಿಕ್ ಬೇಕು. ಜಡೆತುದಿಗಾದರೆ 30 × 7 ಬಟ್ಟೆ, 12 ಸೆಂ.ಮೀ. ಎಲಾಸ್ಟಿಕ್.

ಬಟ್ಟೆಯ ಹೊಳಪಿನ ಮುಖ ಒಳಗೆ ಬರುವಂತೆ ಉದ್ದಕ್ಕೆ ಮಡಚಿ, 1 ಸೆಂ.ಮೀ. ಅಂಚು ಬಿಟ್ಟು ಹೊಲಿಯಿರಿ. ಸೇಫ್ಟಿ ಪಿನ್ನು ಕಟ್ಟಿ ಕೊಳವೆಯನ್ನು ಮಗುಚಿ, ಅದೇ ಪಿನ್ನಿನಿಂದ ಎಲಾಸ್ಟಿಕ್ ತೂರಿಸಿ. ಎಲಾಸ್ಟಿಕ್ಕಿನ ತುದಿಗಳನ್ನು ಗಂಟು ಹಾಕಬೇಡಿ, ಗಂಟು ಜಾರುತ್ತದೆ, ಉಬ್ಬಾಗಿ ಒತ್ತುತ್ತದೆ. ಒಂದರ ಮೇಲೊಂದು 1.5 ಸೆಂ.ಮೀ. ಇಟ್ಟು ಅಂಕುಡೊಂಕಾಗಿ ಹೊಲಿಯಿರಿ. ಕೊನೆಗೆ ಕೊಳವೆಯ ಒಂದು ತುದಿಯ ಅಂಚನ್ನು ಒಳಮಡಚಿ, ಇನ್ನೊಂದು ತುದಿಯನ್ನು ಅದರೊಳಗೆ ಸೇರಿಸಿ ಕೈಹೊಲಿಗೆ ಹಾಕಿ. ಇಸ್ತ್ರಿ ಕಡಿಮೆ ಬಿಸಿಯಲ್ಲಿರಲಿ, ಪಾಲಿಯೆಸ್ಟರ್ ಸಾಟಿನ್ ಕರಗುತ್ತದೆ.

ಒದ್ದೆ ಕೂದಲಿಗೆ ಇವು ಯಾವುವೂ ಬೇಡ. ನೆನೆದ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ; ಒಳಗೆ ಸಿಕ್ಕಿಸಿಟ್ಟ ಮರದ ಕಡ್ಡಿಯೂ ತೇವ ಹೀರಿ ತರಕಲಾಗುತ್ತದೆ. ಹಾಗೆ ತರಕಲಾದ ಕಡ್ಡಿಯನ್ನು ಒಣಗಿಸಿ, 400ರ ಪೇಪರಿನಿಂದ ಉಜ್ಜಿ, ಇನ್ನೊಂದು ಸಲ ಎಣ್ಣೆ ಹಚ್ಚಿದರೆ ಮತ್ತೆ ಬಳಸಬಹುದು.