ವಾಲ್ಯೂಮ್ ತಿರುಗಿಸಿದರೆ ಕರಕರ ಅಂದರೆ

ಬೆಂಗಳೂರು ಹನುಮಂತನಗರದ ನಮ್ಮ ಭಜನೆ ಮಂಡಳಿಯ ಆಂಪ್ಲಿಫೈಯರ್‌ಗೆ ಹೆಚ್ಚುಕಡಿಮೆ ನನ್ನ ಮಗನ ವಯಸ್ಸು. ರಾಮನವಮಿ ದಿನ ಮೈಕಿನ ವಾಲ್ಯೂಮ್ ತಿರುಗಿಸಿದರೆ ಬರೀ ಕರಕರ. ನಡುವೆ ಧ್ವನಿಯೇ ಮಾಯ. "ಹೊಸದು ತಗೊಂಡ್ಬಿಡೋಣ ಅಂಕಲ್" ಅಂದರು ಹುಡುಗರು. ಪಾನಕ ಕುಡಿದು, ಡಬ್ಬಿ ಮನೆಗೆ ಹೊತ್ತು ತಂದೆ.

ವಾಲ್ಯೂಮ್ ನಾಬ್ ಹಿಂದೆ ಇರುವ ಬಿಡಿಭಾಗವೇ ಪಾಟ್ (ಪೊಟೆನ್ಶಿಯೋಮೀಟರ್). ಅದರೊಳಗೆ ಕುದುರೆ ಲಾಳದಂಥ ಕಾರ್ಬನ್ ಪಟ್ಟಿ ಇರುತ್ತದೆ. ಅದರ ಮೇಲೆ ತಗಡಿನ ಬೆರಳೊಂದು ಜಾರುತ್ತದೆ. ಧೂಳು ಕೂತರೂ ಕರಕರ, ಪಟ್ಟಿ ಸವೆದರೂ ಕರಕರ. ಹಾಗಾಗಿ ಮೊದಲು ತೊಳೆಯಿರಿ.

ಪ್ಲಗ್ ಕಿತ್ತಿಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ವೋಲ್ಟೇಜ್ ಇಳಿದಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. ವಾಲ್ವ್ ರೇಡಿಯೋ ಆದರೆ, ಹೊಸಬರು ಮುಟ್ಟಲೇಬೇಡಿ.

ಪಾಟ್‌ನ ಮೂರು ಕಾಲುಗಳ ಮೇಲೆ ಸಣ್ಣ ಸಂದು ಕಾಣುತ್ತದೆ. ಅಲ್ಲಿಂದ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಾನಿಕ್ ಭಾಗ ತೊಳೆಯುವ ಸ್ಪ್ರೇ) ಸ್ವಲ್ಪ ಹೊಡೆದು, ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಒಣಗಲು ಬಿಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬೇಡವೇ ಬೇಡ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಧೂಳೆಲ್ಲ ಅಂಟಿಕೊಳ್ಳುತ್ತದೆ.

ನಮ್ಮದು ಇದಕ್ಕೆ ಬಗ್ಗಲಿಲ್ಲ. ವೈರುಗಳ ಫೋಟೋ ತೆಗೆದುಕೊಂಡು ಪಾಟ್ ಬಿಚ್ಚಿದೆ. ಎರಡು ಹೊರಗಿನ ಕಾಲಿನ ನಡುವೆ ಅಳೆದರೆ 43ಕೆ, ಅಂದರೆ 43 ಸಾವಿರ ಓಮ್. ಮೇಲೆ ಬರೆದಿದ್ದು 50ಕೆ. ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. ಆಮೇಲೆ ನಡುವಿನ ಕಾಲು ಮತ್ತು ಒಂದು ತುದಿಗೆ ಮೀಟರ್ ಹಿಡಿದು ನಿಧಾನ ತಿರುಗಿಸಿ. ಹಳೇ ಮುಳ್ಳಿನ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮುಳ್ಳು ನಯವಾಗಿ ಏರಬೇಕು. ನಮ್ಮದು ಒಂದು ಕಡೆ ಎಗರಿ ಬೀಳುತ್ತಿತ್ತು. ಪಟ್ಟಿ ಸವೆದಿದೆ ಅಂತ ಅರ್ಥ.

ಟೌನ್ ಹಾಲ್ ಹತ್ತಿರ ಬಸ್ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. ಅಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. 50ಕೆ ಅಂತಷ್ಟೇ ಕೇಳಿದೆ, ಕೊಟ್ಟಿದ್ದು ಬಿ50ಕೆ. ಹಾಕಿ ನೋಡಿದರೆ ನಾಬ್ ಚೂರು ಅಲ್ಲಾಡಿದರೆ ಸಾಕು, ಭಜನೆ ಮೂರನೇ ಬೀದಿಗೆ ಕೇಳುತ್ತದೆ! ವಾಲ್ಯೂಮಿಗೆ ಬೇಕಾದದ್ದು 'ಎ', ಅಂದರೆ ಲಾಗ್: ಮೊದಲು ನಿಧಾನ, ಆಮೇಲೆ ಜೋರಾಗಿ ಏರುವಂಥದ್ದು. 'ಬಿ' ಅಂದರೆ ಲೀನಿಯರ್: ಉದ್ದಕ್ಕೂ ಒಂದೇ ಸಮ ಏರುವಂಥದ್ದು. ಹಳೇ ಯೂರೋಪಿನ ಸೆಟ್‌ಗಳಲ್ಲಿ ಅಕ್ಷರ ಉಲ್ಟಾ ಇರುವುದೂ ಉಂಟು, ಅದಕ್ಕೇ ಅಳೆದೇ ನೋಡಿ. ಅರ್ಧ ತಿರುಗಿಸಿದಾಗ ಅರ್ಧ ಬೆಲೆ ತೋರಿಸಿದರೆ ಲೀನಿಯರ್. ಸೊನ್ನೆ ಕಡೆಯಿಂದ ಹತ್ತನೇ ಒಂದರಷ್ಟು ತೋರಿಸಿದರೆ ಲಾಗ್. ಹಳೆಯದನ್ನು ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಸ್ಟೀರಿಯೋ ಆದರೆ ಆರು ಕಾಲಿನ ಜೋಡಿ ಪಾಟ್ ಬೇಕು.

ಹೊಸದರ ಶಾಫ್ಟ್ ಉದ್ದ ಜಾಸ್ತಿಯಾದರೆ ಗರಗಸದಲ್ಲಿ ಕತ್ತರಿಸಿ. ಆದರೆ ವೈಸ್‌ನಲ್ಲಿ (ಬಿಗಿಹಿಡಿಯುವ ಇಕ್ಕಳ) ಹಿಡಿಯಬೇಕಾದದ್ದು ಶಾಫ್ಟನ್ನು, ಪಾಟ್‌ನ ಮೈಯನ್ನಲ್ಲ. ಬೆಸುಗೆ ಬೇಗ ಮುಗಿಸಿ, ಜಾಸ್ತಿ ಕಾಯಿಸಿದರೆ ಕಾಲು ಸಡಿಲವಾಗುತ್ತದೆ.

ಹೊಸ ಪಾಟ್ ಕೂಡ ಕರಕರ ಅಂದರೆ? ಬಹುಶಃ ತಪ್ಪು ಪಾಟ್‌ದಲ್ಲ. ಪಾಟ್‌ಗೆ ಸಿಗ್ನಲ್ ತರುವ ಕೆಪಾಸಿಟರ್ ಲೀಕ್ ಆಗಿ ಡಿ.ಸಿ. (ಒಂದೇ ದಿಕ್ಕಿನ ಕರೆಂಟ್) ನುಗ್ಗುತ್ತಿರಬಹುದು. ಅದನ್ನು ಬದಲಿಸಿ.

ಎಲ್ಲಾ ಮುಗಿದ ಮೇಲೆ ಹಳೆಯ ಪಾಟ್‌ನ ನಾಲ್ಕು ತಗಡಿನ ಕಿವಿ ಎಬ್ಬಿಸಿ ಒಳಗೆ ನೋಡಿದೆ. ಪಟ್ಟಿ ಮೊದಲ ಕಾಲು ಭಾಗದಲ್ಲಿ ಮಾತ್ರ ಬೆಳ್ಳಗೆ ಸವೆದಿತ್ತು, ಉಳಿದದ್ದು ಹೊಸದರಂತೆ ಕಪ್ಪಗಿತ್ತು. ಇಷ್ಟು ವರ್ಷ ಅದರಾಚೆ ಯಾರೂ ತಿರುಗಿಸಿಯೇ ಇಲ್ಲ.