ಮಾರ್ಸಿಯನ್ನನ ಸುವಾರ್ತೆ: ವೈರಿಗಳ ಬಾಯಿಂದಲೇ ತೆಗೆದ ಬಗೆ

ಮಾರ್ಸಿಯನ್ ಎರಡನೇ ಶತಮಾನದ ಕ್ರೈಸ್ತ ಬೋಧಕ, ಸಭೆ ಹೊರಹಾಕಿದವ; ಅವನ ಸುವಾರ್ತೆ ಲೂಕನ ಸುವಾರ್ತೆಯ ಮೊಟಕು ರೂಪದಂತಿತ್ತು. ಅದನ್ನು ಮತ್ತೆ ಕಟ್ಟಲು ಹೊರಟೆ. ಅದರ ಒಂದು ಪ್ರತಿಯೂ ಉಳಿದಿಲ್ಲ, ಅವನನ್ನು ಬೈದವರ ಪುಸ್ತಕಗಳಷ್ಟೇ ಇವೆ, ಅವನ್ನು ನಂಬಿ ಏನು ಕಟ್ಟುತ್ತೀಯ ಅಂತ ಗೆಳೆಯರು ನಕ್ಕಿದ್ದರು. ಈಗ ಅವರೇ ನನ್ನ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ.

ಲೂಕನ ಒಂದೊಂದು ವಚನಕ್ಕೆ ಒಂದು ಸಾಲು, ಪಕ್ಕದಲ್ಲಿ ಅವನನ್ನು ಖಂಡಿಸಿದ ಹಳೆಯ ಕ್ರೈಸ್ತ ಲೇಖಕರಾದ ತೆರ್ತುಲಿಯನ್, ಎಪಿಫೇನಿಯಸ್ ಹೇಳಿದ್ದು. ಇಷ್ಟು ಎಲ್ಲರೂ ಮಾಡುತ್ತಾರೆ. ತೊಂದರೆ ಆಮೇಲಿನದು. ತೆರ್ತುಲಿಯನ್ ಎತ್ತದ ವಚನವೆಲ್ಲ ಮಾರ್ಸಿಯನ್ನನಲ್ಲಿ ಇರಲೇ ಇಲ್ಲ ಅಂತ ಹಿಡಿದರೆ ಪುಸ್ತಕ ಸೊರಗಿ ಹೋಗುತ್ತದೆ. ಆತ ಸುಮ್ನೆ ಬಿಟ್ಟಿರಲೂಬಹುದು ಅಲ್ವಾ? ಹೋಗಲಿ, ‘ಇದನ್ನು ಅಳಿಸಿದ’ ಅಂತ ನೇರವಾಗಿ ಹೇಳಿದ್ದನ್ನಾದರೂ ನಂಬೋಣ ಅಂದರೆ, ಧರ್ಮಶಾಸ್ತ್ರವನ್ನು ತೆಗೆದುಹಾಕಲು ನಾನು ಬಂದಿಲ್ಲ ಎಂಬ ಯೇಸುವಿನ ಮಾತನ್ನು ಅಳಿಸಿದ ಅಂತ ಬೈಯುತ್ತಾನೆ, ಆ ಮಾತಿರುವುದು ಮತ್ತಾಯನಲ್ಲಿ! ಲೂಕನಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಬೈಯುವವರನ್ನೇ ಒಮ್ಮೆ ಪರೀಕ್ಷೆ ಮಾಡೋಣ ಅನ್ನಿಸಿತು, ಮೂಲ ಸಿಕ್ಕಿರುವ ಕಡೆ. ಇಂಥದ್ದೇ ಇನ್ನೊಬ್ಬ ಖಂಡನಕಾರ ಇರೇನಿಯಸ್ ಸುಮಾರು 180ರಲ್ಲಿ ಗೇಲಿ ಮಾಡಿ ಬರೆದ ಬಾರ್ಬೆಲೋ (ನಾಸ್ಟಿಕ್ ಪಂಥದವರ ದೇವಮಾತೆ) ಕತೆಯನ್ನು, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಆ ಪಂಥದ ಯೋಹಾನನ ಗುಪ್ತಗ್ರಂಥದ ಪಕ್ಕ ಇಟ್ಟೆ. ಮೊದಲ ಭಾಗ ಚೆನ್ನಾಗಿಯೇ ಹೊಂದುತ್ತದೆ. ಇರೇನಿಯಸ್ ಬೇರೆ, ತೆರ್ತುಲಿಯನ್ ಬೇರೆ, ಒಪ್ಪಿದೆ. ಆದರೂ ವೈರಿ ಕಣ್ಣೆದುರು ಹಾಳೆ ಇಟ್ಟುಕೊಂಡು ಬರೆದಾಗ ನಂಬಬಹುದು, ಎದುರಾಳಿಯ ಉದ್ದೇಶ ಹೇಳಲು ಹೊರಟಾಗ ಬೇಡ ಅನ್ನುವುದು ಖಾತ್ರಿಯಾಯಿತು. ಶೀಟಿಗೆ ಇನ್ನೊಂದು ಕಾಲಂ ಸೇರಿಸಿದೆ: ಬರೆಯುವಾಗ ಪ್ರತಿ ಎದುರಿಗಿತ್ತಾ? ಅದನ್ನು ಯಾವ ಗುರುತಿನಿಂದ ಪತ್ತೆ ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಫಲ ನೋಡಿ. ಲೂಕ 10:21ರಲ್ಲಿ ಯೇಸು ‘ಪರಲೋಕ ಭೂಲೋಕಗಳ ಒಡೆಯನೇ’ ಅನ್ನುತ್ತಾನೆ. ಮಾರ್ಸಿಯನ್ನನಲ್ಲಿ ಭೂಲೋಕ ಇರಲಿಲ್ಲ ಅಂತ ಎಪಿಫೇನಿಯಸ್ ಸ್ಪಷ್ಟವಾಗಿ ಬರೆಯುತ್ತಾನೆ. ಸುಮಾರು 170 ವರ್ಷ ಮೊದಲು, ಕಾರ್ಥೇಜಿನಲ್ಲಿ ಕೂತು ಲ್ಯಾಟಿನ್‌ನಲ್ಲಿ ವಾದ ಮಾಡಿದ ತೆರ್ತುಲಿಯನ್ ಕೂಡ ‘ಪರಲೋಕದ ಒಡೆಯ’ ಅಂತಲೇ ಎತ್ತಿಕೊಂಡಿದ್ದಾನೆ. ಭೂಮಿ ಮಾಡಿದವನು ಕೀಳು ದೇವರು ಅನ್ನುವವನ ಪುಸ್ತಕ ಹೀಗಿದ್ದರೆ ಆಶ್ಚರ್ಯವಿಲ್ಲ. ಅವನೇ ಕತ್ತರಿಸಿದನೋ, ಅವನಿಗೆ ಸಿಕ್ಕ ಪ್ರತಿಯೇ ಹಾಗಿತ್ತೋ, ಅದು ಬೇರೆ ಜಗಳ. ಮಾರ್ಸಿಯನ್ನನ ಜೊತೆಗಿನ ಜಗಳದಲ್ಲೇ ಸಭೆಗೂ ತನ್ನ ಪವಿತ್ರ ಪುಸ್ತಕ ಯಾವುದು ಅಂತ ಹೇಳಬೇಕಾಗಿ ಬಂತು ಅನ್ನುವುದು ನನ್ನ ಲೆಕ್ಕ.

ಖರ್ಚು? ಅಚ್ಚಾದ ಸಂಪುಟಗಳಿಗೆ ಹತ್ತಿರಹತ್ತಿರ 20 ಸಾವಿರ ಸುರಿದೆ, ಜಾಸ್ತಿ ಕೆಲಸಕ್ಕೆ ಬಂದದ್ದು ಪುಕ್ಕಟೆ ಸಿಗುವ ಹಳೆಯ ಸ್ಕ್ಯಾನ್‌ಗಳು. ಮಾರ್ಸಿಯನ್ ರೋಮಿನ ಸಭೆಗೆ ಕೊಟ್ಟಿದ್ದ 2 ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ) ಅವನನ್ನು ಹೊರಹಾಕುವಾಗ ವಾಪಸ್ ಸಿಕ್ಕಿತಂತೆ. ನನಗೆ ಆ ಭಾಗ್ಯವಿಲ್ಲ. ಈಗ ಪೌಲನ ಪತ್ರಗಳಿಗೆ ಕೈ ಹಾಕಿದ್ದೇನೆ, ಮಾರ್ಸಿಯನ್ ಇಟ್ಟ ಹಾಗೆ ಗಲಾತ್ಯದವರಿಗೆ ಬರೆದ ಪತ್ರದಿಂದಲೇ ಶುರು.