ಪುಟ್ಟಿಯ ಜೊತೆ ಕ್ಯೋಟೋದಲ್ಲಿ ಮೂರು ತಿಂಗಳು

ಜಪಾನಿನ ಕ್ಯೋಟೋಗೆ ಹೋಗಿ ನಾಲ್ಕನೇ ದಿನ. ತರಕಾರಿ ಅಂಗಡಿಯಲ್ಲಿ ದುಡ್ಡು ಕೊಡಲು ನಿಂತಿದ್ದೆ. ಗಲ್ಲಾದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಎದೆಗೆ ಕಟ್ಟಿಕೊಂಡಿದ್ದ ಪುಟ್ಟಿಯನ್ನು ನೋಡಿ ನಕ್ಕರು. ಆಮೇಲೆ ತಮ್ಮ ಕೆನ್ನೆಯ ಮೇಲೆ ಬೆರಳಿಟ್ಟು ಏನೋ ಹೇಳಿದರು. ನನಗೆ ಅರ್ಥ ಆಗಲಿಲ್ಲ. ಅವರು ಒಂದು ಒದ್ದೆ ಟಿಶ್ಯೂ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಆಗ ಹೊಳೆಯಿತು. ಪುಟ್ಟಿಯ ಕೆನ್ನೆಯ ದೃಷ್ಟಿಬೊಟ್ಟನ್ನು ಅವರು ಕೊಳೆ ಅಂದುಕೊಂಡಿದ್ದರು.

ನಾನು ಥ್ಯಾಂಕ್ಸ್ ಹೇಳಿ ಟಿಶ್ಯೂ ತೆಗೆದುಕೊಂಡೆ. ಒರೆಸಲು ಮನಸ್ಸು ಬರಲಿಲ್ಲ, ಒರೆಸದೆ ಇರಲು ಧೈರ್ಯವೂ ಬರಲಿಲ್ಲ. ಕೊನೆಗೆ ಒರೆಸಿಬಿಟ್ಟೆ. ಮನೆಗೆ ಬಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಅವಳ ಕಣ್ಣು ಮೊದಲು ಹೋದದ್ದೇ ಆ ಕೆನ್ನೆಗೆ. "ಬೊಟ್ಟೆಲ್ಲೇ?" ನಾನು ನಡೆದದ್ದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಂಗಾಲಿಗೆ ಇಡು. ಯಾರಿಗೂ ಕಾಣಲ್ಲ" ಅಂದಳು. ಮಾರನೇ ದಿನದಿಂದ ಹಾಗೇ ಮಾಡಿದೆ.

ಇದು 2023ರ ಜೂನ್ ತಿಂಗಳ ಮಾತು. ನನ್ನ ಗಂಡನಿಗೆ ಅಲ್ಲಿನ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮೂರು ತಿಂಗಳ ಕೆಲಸ ಇತ್ತು. ಪುಟ್ಟಿಗೆ ಏಳು ತಿಂಗಳು. ಮೈಸೂರಿನಲ್ಲಿ ಎಲ್ಲರೂ ಬೇಡ ಅಂದರು. ಅಷ್ಟು ಚಿಕ್ಕ ಮಗುವನ್ನು ಕಟ್ಟಿಕೊಂಡು ಭಾಷೆ ಬಾರದ ಊರಿಗೆ ಯಾಕೆ ಅಂತ. ನನಗೆ ಮಾತ್ರ ಮೂರು ತಿಂಗಳು ಗಂಡನನ್ನು ಬಿಟ್ಟಿರುವುದು ಇಷ್ಟ ಇರಲಿಲ್ಲ. ಹೊರಟೆವು. ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಕೆಟ್ ತೆಗೆಯುವಾಗಲೇ ಮಗುವಿನ ತೊಟ್ಟಿಲು ಇರುವ ಸೀಟು ಕೇಳಿದ್ದೆ, ಏರುವಾಗ ಇಳಿಯುವಾಗ ಕಿವಿ ನೋಯದಿರಲಿ ಅಂತ ಹಾಲು ಕುಡಿಸಿದೆ. ಸಿಂಗಪುರದ ಮೇಲಿಂದ ಕಾನ್ಸಾಯ್ ವಿಮಾನ ನಿಲ್ದಾಣ, ಅಲ್ಲಿಂದ ರೈಲಿನಲ್ಲಿ ಕ್ಯೋಟೋ.

ಮನೆ ಸಿಕ್ಕಿದ್ದು ನಿಶಿಜಿನ್ ಅನ್ನುವ ಕಡೆ. ರೇಷ್ಮೆ ನೇಯ್ಗೆಗೆ ಹೆಸರಾದ ಹಳೇ ಬಡಾವಣೆ. ಕಿರಿದಾದ ರಸ್ತೆಗಳು, ಮರದ ಮನೆಗಳು. ನೆಲಕ್ಕೆ ತತಾಮಿ ಚಾಪೆ, ಮಲಗಲು ಫುಟಾನ್. ಹಾಸಿಗೆ ಬಿಚ್ಚಿ ಹಾಸುವುದು, ಬೆಳಿಗ್ಗೆ ಮಡಚಿ ಇಡುವುದು. ಮಗುವನ್ನು ಬೇರೆ ಮಂಚದಲ್ಲಿ ಮಲಗಿಸಬೇಕೇನೋ ಅಂತ ಹೆದರಿದ್ದೆ. ಆದರೆ ಅಲ್ಲಿಯವರೂ ನಮ್ಮ ಹಾಗೇ ಮಗುವನ್ನು ಮಧ್ಯೆ ಹಾಕಿಕೊಂಡೇ ಮಲಗುತ್ತಾರೆ. ಅದಕ್ಕೊಂದು ಮಾತೂ ಇದೆ, 'ನದಿ ಅಕ್ಷರದ ಹಾಗೆ' ಅಂತ. ಅವರ ಲಿಪಿಯಲ್ಲಿ ನದಿ ಅಂದರೆ ಮೂರು ಉದ್ದ ಗೆರೆ, ನಡುವಿನದು ಚಿಕ್ಕದು. ಮೊದಲ ವಾರದಲ್ಲಿ ನನಗೆ ನೆಮ್ಮದಿ ಕೊಟ್ಟದ್ದು ಇದೊಂದೇ.

ಉಳಿದಿದ್ದೆಲ್ಲಾ ಕಷ್ಟವೇ ಆಯಿತು. ಮುಖ್ಯವಾಗಿ ಒಂದು ವಿಷಯ. ಯಾರೂ ಪುಟ್ಟಿಯನ್ನು ಮುಟ್ಟುತ್ತಿರಲಿಲ್ಲ.

ಮೈಸೂರಿನ ಸಿಟಿ ಬಸ್ಸಿನಲ್ಲಿ ಮಗು ಎತ್ತಿಕೊಂಡು ಹತ್ತಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ? ಗುರುತಿಲ್ಲದವರು "ಕೊಡಿ ಇಲ್ಲಿ" ಅಂತ ಕೈ ಚಾಚುತ್ತಾರೆ. ಮಗು ಒಂದು ಮಡಿಲಿಂದ ಇನ್ನೊಂದು ಮಡಿಲಿಗೆ ಹೋಗುತ್ತದೆ. ಇಳಿಯುವ ಹೊತ್ತಿಗೆ ಅದರ ಕೈಯಲ್ಲಿ ಒಂದು ಬಿಸ್ಕತ್ತು ಇರುತ್ತದೆ. ಕ್ಯೋಟೋದ ಸಿಟಿ ಬಸ್ಸಿಗೆ ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದೆ 230 ಯೆನ್ ಕೊಡಬೇಕು. ಆ ಹಿಂಬಾಗಿಲಿಂದ ಮುಂಬಾಗಿಲಿನವರೆಗೆ ಪುಟ್ಟಿ ಎಲ್ಲರ ಮುಖ ನೋಡಿ ನಗುತ್ತಿದ್ದಳು. ಜನ ನಗುತ್ತಿದ್ದರು, ಮೆಲ್ಲಗೆ "ಕವಾಯಿ" ಅನ್ನುತ್ತಿದ್ದರು, ಅಷ್ಟೇ. ಮುದ್ದಾಗಿದೆ ಅಂತ ಅರ್ಥ. ಒಬ್ಬರ ಕೈಯೂ ಮುಂದೆ ಬರುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬರು ಮೊಣಕಾಲು ಮಡಚಿ ಪುಟ್ಟಿಯ ಕಣ್ಣಿನ ಮಟ್ಟಕ್ಕೆ ಕೂತು "ಎಷ್ಟು ತಿಂಗಳು?" ಅಂತ ಕೇಳಿದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದರು. ಪುಟ್ಟಿ ಅವರ ಕಡೆ ಕೈ ಚಾಚಿದಳು. ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ, ಏನು ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಅವರು ತಲೆಬಾಗಿ ಹೋದರು. ಅವತ್ತು ರಾತ್ರಿ ನಾನು ಅತ್ತೆ. ನನ್ನ ಮಗುವಿನ ಬಣ್ಣ ನೋಡಿ ಹೀಗೆ ಮಾಡುತ್ತಾರಾ ಅಂತ ಕೂಡ ಅನ್ನಿಸಿತು.

ಹಾಗಲ್ಲ ಅಂತ ಗೊತ್ತಾದದ್ದು ಪಕ್ಕದ ಮನೆ ಅಜ್ಜಿಯಿಂದ. ಎಪ್ಪತ್ತೆಂಟು ವರ್ಷ, ಒಬ್ಬರೇ ಇದ್ದರು. ತಮ್ಮನ್ನು "ಒಬಾಚಾನ್" ಅಂತ ಕರೆಯಲು ಅವರೇ ಹೇಳಿದರು. ಅಂದರೆ ಅಜ್ಜಿ. ಅಲ್ಲೂ ಮಗುವಿನ ಬಾಯಲ್ಲೇ ಎಲ್ಲರನ್ನೂ ಕರೆಯುತ್ತಾರೆ, ನಾವು ಗಂಡನನ್ನು 'ಪುಟ್ಟಿ ಅಪ್ಪ' ಅನ್ನುವ ಹಾಗೆ. ನಾನಂತೂ ಅವರನ್ನು ಕನ್ನಡದಲ್ಲಿ ಅಜ್ಜಿ ಅಂತಲೇ ಕರೆದೆ, ಅವರಿಗೆ ಆ ಶಬ್ದ ಇಷ್ಟ ಆಯಿತು. ಮಾತೆಲ್ಲಾ ಫೋನಿನ ಅನುವಾದದಲ್ಲಿ. ಮೂರನೇ ವಾರ ಒಂದು ಸಂಜೆ ಅವರು ನಮ್ಮ ಬಾಗಿಲಲ್ಲಿ ನಿಂತು, "ಎತ್ತಿಕೊಳ್ಳಬಹುದಾ?" ಅಂತ ಕೇಳಿದರು. ನಾನು ತಕ್ಷಣ ಮಗುವನ್ನು ಕೊಡಲು ಹೋದೆ. ಅವರು ತಡೆದರು. ಒಳಗೆ ಬಂದು ಚಪ್ಪಲಿ ಬಿಟ್ಟು, ಗೋಡೆ ಕಡೆ ತಿರುಗಿಸಿಟ್ಟು, ಸಿಂಕಿನಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದರು. ವಾಚು ಬಿಚ್ಚಿದರು. ಉಂಗುರ ಬಿಚ್ಚಲು ಬರಲಿಲ್ಲ, ಗಂಟು ಬೆರಳು. ಅದರ ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿ, ಮೇಲೊಂದು ಕರ್ಚೀಫು ಸುತ್ತಿದರು. ಆಮೇಲೆ ಕೂತು ಎರಡೂ ಕೈ ಮುಂದೆ ಮಾಡಿದರು.

ಬಸ್ ಸ್ಟಾಪಿನ ಆ ಹೆಂಗಸು ನನ್ನ ಮುಖ ಯಾಕೆ ನೋಡಿದರು ಅಂತ ಆಗ ಗೊತ್ತಾಯಿತು. ಅವರು ಕೇಳುತ್ತಿದ್ದರು. ನಾನು ಹೂಂ ಅನ್ನಬೇಕಿತ್ತು. ಅವತ್ತಿನಿಂದ ನಾನೇ ಮೊದಲು ಹೇಳುವುದನ್ನು ಕಲಿತೆ. "ದೋಜೋ," ಅಂದರೆ ತೆಗೆದುಕೊಳ್ಳಿ, ಪರವಾಗಿಲ್ಲ. ಆ ಒಂದು ಮಾತಿಗೆ ಕೈಗಳು ಬಂದವು. ಬಸ್ಸಿನಲ್ಲಿ, ಅಂಚೆ ಕಚೇರಿಯಲ್ಲಿ, ಅದೇ ತರಕಾರಿ ಅಂಗಡಿಯಲ್ಲಿ. ಅವರೆಲ್ಲರೂ ಕಾಯುತ್ತಿದ್ದರು. ಮಗು ಕರೆದುಕೊಂಡು ಅಲ್ಲಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಈ ಮಾತನ್ನೇ. ಪುಟ್ಟಿ ಕಲಿತದ್ದು "ಇನಾಯ್ ಇನಾಯ್ ಬಾ!" ಮುಖ ಮುಚ್ಚಿ ತೆಗೆದು ನಗಿಸುವ ಆಟಕ್ಕೆ ಅವರು ಹೇಳುವುದು ಅದನ್ನು. ಇನಾಯ್ ಅಂದರೆ 'ಇಲ್ಲ'. ಅಮ್ಮ ಫೋನಿನಲ್ಲಿ ಸೆರಗು ಮರೆ ಮಾಡಿ "ಇಲ್ಲ ಇಲ್ಲ... ಬಾ!" ಅಂದರೂ ಪುಟ್ಟಿ ಅಷ್ಟೇ ನಗುತ್ತಿದ್ದಳು.

ಊಟದ ವಿಷಯದಲ್ಲಿ ನಾನು ರಾಗಿ ಸರಿ ಹಿಟ್ಟು ತೆಗೆದುಕೊಂಡು ಹೋಗಿದ್ದೆ. ಅಜ್ಜಿ ಆ ಕಂದು ಬಣ್ಣ ನೋಡಿ ಚಾಕಲೇಟ್ ಅಂದುಕೊಂಡು ಗಾಬರಿಯಾದರು. ಗಂಡನ ಲ್ಯಾಬಿನವರು ಹುಡುಕಿ ಹೇಳಿದರು, ರಾಗಿಗೆ ಜಪಾನಿನಲ್ಲಿ ಶಿಕೊಕುಬಿಯೆ ಅಂತ ಹೆಸರು, ಹಿಂದೆ ಅಲ್ಲಿನ ಗುಡ್ಡಗಾಡಿನ ಜನ ಬೆಳೆದು ತಿನ್ನುತ್ತಿದ್ದರು ಅಂತ. ನನಗೆ ಎಷ್ಟು ಖುಷಿ ಆಯಿತು ಅಂದರೆ ಅಮ್ಮನಿಗೆ ಆ ಹೊತ್ತಲ್ಲೇ ಫೋನ್ ಮಾಡಿದೆ. ಅಜ್ಜಿ ನನಗೆ ಗಂಜಿ ಕಲಿಸಿದರು. ಅಲ್ಲಿ ಮಗುವಿನ ಗಂಜಿಗೆ ಲೆಕ್ಕ ಇದೆ. ಶುರುವಿನಲ್ಲಿ ಒಂದು ಪಾಲು ಅಕ್ಕಿಗೆ ಹತ್ತು ಪಾಲು ನೀರು, ಏಳು ತಿಂಗಳ ಹೊತ್ತಿಗೆ ಏಳು ಪಾಲು, ಆಮೇಲೆ ಐದು. ನಮ್ಮಲ್ಲಿ ಅಮ್ಮ "ಮೆತ್ತಗೆ ಬೇಯಿಸಿ ಕಿವುಚು" ಅನ್ನುತ್ತಾಳೆ, ಅವಳ ಬೆರಳಿಗೇ ಲೆಕ್ಕ ಗೊತ್ತು. ನನ್ನ ಬೆರಳಿಗೆ ಗೊತ್ತಿರಲಿಲ್ಲ. ಆ ಪಾಲಿನ ಲೆಕ್ಕ ನನಗೆ ಇವತ್ತಿಗೂ ಉಪಯೋಗ ಆಗುತ್ತಿದೆ.

ಜೇನಿನ ವಿಷಯ ಮಾತ್ರ ಸ್ವಲ್ಪ ಗಂಭೀರ. ಜುಲೈಯಲ್ಲಿ ಪುಟ್ಟಿಗೆ ಕೆಮ್ಮು ಬಂತು. ಅಮ್ಮ ಒಂದು ಹನಿ ಜೇನು ನೆಕ್ಕಿಸು ಅಂದಳು. ನಮ್ಮ ಮನೆಯಲ್ಲಿ ಎಲ್ಲಾ ಮಕ್ಕಳಿಗೂ ನೆಕ್ಕಿಸಿದ್ದಾರೆ, ನನಗೂ. ಅಜ್ಜಿಯ ಹತ್ತಿರ ಜೇನು ಕೇಳಿದೆ. ಅವರು ಎರಡೂ ಕೈಯನ್ನು ಎದೆಯ ಮುಂದೆ ಅಡ್ಡ ಹಿಡಿದು "ದಾಮೆ!" ಅಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೊಂದೇ ಸಲ. ಜೇನಿನ ಬಾಟಲಿ ತಂದು ತೋರಿಸಿದರು, ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು ಅಂತ ಅದರ ಮೇಲೇ ಅಚ್ಚಾಗಿತ್ತು. 2017ರಲ್ಲಿ ಟೋಕಿಯೋದಲ್ಲಿ ಆರು ತಿಂಗಳ ಮಗು ಜೇನಿನಿಂದ ಬಾಟುಲಿಸಂ ಅನ್ನುವ ಬ್ಯಾಕ್ಟೀರಿಯಾ ವಿಷದ ಕಾಯಿಲೆ ಬಂದು ತೀರಿಕೊಂಡಿತ್ತು. ಜೇನಿನಲ್ಲಿ ಆ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಎಳೇ ಮಗುವಿನ ಕರುಳಲ್ಲಿ ಅದು ಬೆಳೆದು ವಿಷ ಮಾಡುತ್ತದೆ. ಇದು ಜಪಾನಿನ ಪದ್ಧತಿ, ನಮ್ಮ ಪದ್ಧತಿ ಅನ್ನುವ ಮಾತಲ್ಲ. ವರ್ಷ ತುಂಬುವವರೆಗೆ ಯಾವ ಊರಿನಲ್ಲೂ ಕೊಡಬೇಡಿ. ಅಮ್ಮನಿಗೆ ಒಪ್ಪಿಸಲು ಎರಡು ದಿನ ಬೇಕಾಯಿತು.

ಹಾಲು ಕುಡಿಸಲು ದೊಡ್ಡ ಅಂಗಡಿಗಳಲ್ಲಿ ಬೇರೆ ಕೋಣೆ ಇರುತ್ತದೆ. ಬಿಸಿನೀರಿನ ನಲ್ಲಿ, ಬಟ್ಟೆ ಬದಲಿಸುವ ಹಲಗೆ, ಕೆಲವು ಕಡೆ ತೂಕದ ಯಂತ್ರ. ಪುಡಿ ಹಾಲು ಕಲಸುವ ನೀರು ಕನಿಷ್ಠ 70 ಡಿಗ್ರಿ ಇರಬೇಕು ಅಂತ ಅಲ್ಲಿನ ಸೂಚನೆ, ಪುಡಿಯಲ್ಲೇ ಇರಬಹುದಾದ ಬ್ಯಾಕ್ಟೀರಿಯಾ ಸಾಯಲಿ ಅಂತ. ಡೈಪರ್ ಎಸೆಯಲು ಮಾತ್ರ ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದಿಲ್ಲ. ಎಲ್ಲವನ್ನೂ ಕಟ್ಟಿ ಮನೆಗೆ ತಂದು, ಕ್ಯೋಟೋ ನಗರದ ಹಳದಿ ಚೀಲಕ್ಕೆ ಹಾಕಬೇಕು. ಒಂದೆರಡು ಮುಚ್ಚುವ ಚೀಲ ಯಾವಾಗಲೂ ಬ್ಯಾಗಲ್ಲಿ ಇಟ್ಟುಕೊಂಡೆ.

ಜುಲೈನ ಒಂದು ಭಾನುವಾರ ಕಿತಾನೊ ತೆನ್‌ಮಾಂಗು ದೇವಸ್ಥಾನಕ್ಕೆ ಹೋದೆವು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಂಗಳದಲ್ಲಿ ಒಂದು ಕುಟುಂಬ ನಿಂತಿತ್ತು. ಅಜ್ಜಿಯೊಬ್ಬರು ಒಂದು ತಿಂಗಳ ಮಗುವನ್ನು ಎತ್ತಿಕೊಂಡಿದ್ದರು. ಮಗುವಿನ ಮೇಲೆ ಹೂವಿನ ಚಿತ್ರದ ರೇಷ್ಮೆ ನಿಲುವಂಗಿ ಹೊದಿಸಿ, ಅದರ ಪಟ್ಟಿಯನ್ನು ಅಜ್ಜಿಯ ಕತ್ತಿನ ಹಿಂದೆ ಗಂಟು ಹಾಕಿತ್ತು. ಮಗುವನ್ನು ಮೊದಲ ಸಲ ದೇವರಿಗೆ ತೋರಿಸಲು ತರುವ ಶಾಸ್ತ್ರ ಅದು, ಓಮಿಯಾಮಾಯಿರಿ. ತಂದೆಯ ತಾಯಿ ಎತ್ತಿಕೊಳ್ಳುವುದು ವಾಡಿಕೆ. ನಾನು ಹತ್ತಿರ ಹೋಗಿ ನೋಡಿದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಆ ಮಗುವಿನ ಹಣೆಯಲ್ಲಿ ಕೆಂಪು ಬಣ್ಣದಲ್ಲಿ ಒಂದು ಅಕ್ಷರ ಬರೆದಿತ್ತು.

ಆವತ್ತು ಸಂಜೆ ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಕ್ಯೋಟೋ ಕಡೆಯ ಪದ್ಧತಿಯಂತೆ. ಕೆಟ್ಟದ್ದು ತಾಗದಿರಲಿ ಅಂತ ಹಣೆಗೆ ಬರೆಯುವುದು. ಗಂಡು ಮಗುವಿಗೆ 'ದೊಡ್ಡದು' ಅನ್ನುವ ಅಕ್ಷರ, ಹೆಣ್ಣಿಗೆ 'ಚಿಕ್ಕದು'. ಆ ದೊಡ್ಡದು ಚಿಕ್ಕದು ನನಗೆ ಹಿಡಿಸಲಿಲ್ಲ, ಹಾಗಂತ ಅಜ್ಜಿಗೆ ಹೇಳಿದೆ ಕೂಡ. "ನಿಮ್ಮಲ್ಲಿ ಇಲ್ವಾ?" ಅಂದರು. ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆ ಕಾರಿಡಾರಿನಲ್ಲಿ ನೆಂಟರು "ಪೇಡನಾ ಜಿಲೇಬಿನಾ?" ಅಂತ ಕೇಳಿದ್ದು ನೆನಪಾಗಿ ಸುಮ್ಮನಾದೆ. ಆಮೇಲೆ ಪುಟ್ಟಿಯ ಕಾಲು ಎತ್ತಿ ಅಂಗಾಲಿನ ಬೊಟ್ಟು ತೋರಿಸಿದೆ. ಯಾಕೆ ಇಡುತ್ತೇವೆ ಅಂತ ಫೋನಿನಲ್ಲಿ ಬರೆದೆ. ಅಜ್ಜಿ ಓದಿ, ಬೊಟ್ಟನ್ನು ನೋಡಿ, ಮತ್ತೆ ಓದಿದರು. "ಇದನ್ನು ಇಲ್ಲಿ ಯಾಕೆ ಬಚ್ಚಿಟ್ಟಿದ್ದೀಯ?" ಅಂದರು. ಮಾರನೇ ದಿನ ಬೊಟ್ಟು ಕೆನ್ನೆಗೆ ವಾಪಸ್ ಬಂತು. (ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಅಂತ ನಮ್ಮ ಮಕ್ಕಳ ಡಾಕ್ಟರ್ ಹೇಳಿದ್ದರು, ಅದನ್ನು ನಾನು ಮೀರಿಲ್ಲ.) ತರಕಾರಿ ಅಂಗಡಿಯವರಿಗೆ ಅಜ್ಜಿಯೇ ಹೋಗಿ ವಿವರಿಸಿದರಂತೆ.

ನಮ್ಮ ಬೀದಿ ಮೂಲೆಯಲ್ಲಿ ಒಂದು ಪುಟ್ಟ ಗುಡಿ ಇತ್ತು. ಒಳಗೆ ಬೋಳು ತಲೆಯ ಮೂರು ಕಲ್ಲಿನ ಮೂರ್ತಿ, ಕತ್ತಿಗೆ ಕೆಂಪು ಬಟ್ಟೆಯ ಬಿಬ್, ಮಗುವಿಗೆ ಜೊಲ್ಲು ಒರೆಸಲು ಕಟ್ಟುವಂಥದ್ದು. ನನಗೆ ತುಂಬಾ ಮುದ್ದಾಗಿ ಕಂಡಿತ್ತು. ಪುಟ್ಟಿಗೂ ಕೆಂಪು ಬಿಬ್ ಕಟ್ಟಿ ಪಕ್ಕದಲ್ಲಿ ಕೂರಿಸಿ ಫೋಟೋ ತೆಗೆದೆ, ಅಜ್ಜಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ಅದು ಜಿಜೋ, ನಮ್ಮ ಸಂಸ್ಕೃತದ ಕ್ಷಿತಿಗರ್ಭ ಅನ್ನುವ ಬೋಧಿಸತ್ತ್ವ. ಮಕ್ಕಳನ್ನು ಕಾಯುವವನು. ತೀರಿಹೋದ ಮಕ್ಕಳನ್ನೂ ಅವನೇ ಕಾಯುತ್ತಾನೆ, ಅದಕ್ಕೆ ತಾಯಂದಿರು ಬಿಬ್ ಹೊಲಿದು ಕಟ್ಟುತ್ತಾರೆ. ಅಜ್ಜಿ ಮಧ್ಯದ ಮೂರ್ತಿಯ ಮೇಲೆ ಬೆರಳಿಟ್ಟು ಫೋನಿಗೆ ಹೇಳಿದರು. ತೆರೆಯ ಮೇಲೆ ಕನ್ನಡದಲ್ಲಿ ಬಂತು. "ಇದನ್ನು ನಾನು ಹೊಲಿದೆ. ಪ್ರತಿ ವರ್ಷ ಹೊಲಿಯುತ್ತೇನೆ."

ಫೋಟೋ ಅಳಿಸಲು ಹೋದೆ. ಅವರು ನನ್ನ ಕೈ ಹಿಡಿದು ಬೇಡ ಅಂದರು. ಅದು ಈಗಲೂ ನನ್ನ ಹತ್ತಿರ ಇದೆ.

ಆಗಸ್ಟ್ 23, 24ರ ಸುಮಾರಿಗೆ ಕ್ಯೋಟೋದ ಬೀದಿ ಬೀದಿಯಲ್ಲಿ ಜಿಜೋಬೋನ್ ಅನ್ನುವ ಮಕ್ಕಳ ಹಬ್ಬ. ಬೀದಿಯವರು ಮಕ್ಕಳ ಹೆಸರು ಬರೆದ ಕಾಗದದ ದೀಪ ತೂಗುಹಾಕುತ್ತಾರೆ. ಅಜ್ಜಿ ಪುಟ್ಟಿಗೂ ಒಂದು ಮಾಡಿಸಿದ್ದರು, ಕೆಂಪು ಬಣ್ಣದ್ದು, ಹೆಸರು ಅವರ ಲಿಪಿಯಲ್ಲಿ. ರಸ್ತೆ ಮೇಲೆ ಚಾಪೆ ಹಾಸಿದ್ದರು. ಮಕ್ಕಳೆಲ್ಲಾ ದುಂಡಗೆ ಕೂತು, ಎಲ್ಲರ ಮಡಿಲನ್ನೂ ಮುಟ್ಟುವಷ್ಟು ದೊಡ್ಡ ಜಪಮಾಲೆಯನ್ನು ಕೈಯಿಂದ ಕೈಗೆ ಸಾಗಿಸಬೇಕು. ಪುಟ್ಟಿ ನನ್ನ ಮಡಿಲಲ್ಲಿ ಕೂತಿದ್ದಳು, ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ಐದು ವರ್ಷದ ಹುಡುಗ. ಮಂತ್ರದ ತಾಳಕ್ಕೆ ಮಣಿಗಳು ಹೋಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಮಣಿ ಬಂದಾಗ ತಲೆಬಾಗಿಸಬೇಕು. ಪುಟ್ಟಿ ಆ ಮಣಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಳು.

ನಾನು ಬಿಡಿಸಲು ಹೋದೆ. ಅಜ್ಜಿ ತಲೆ ಅಲ್ಲಾಡಿಸಿದರು. ಮಾಲೆ ನಿಂತಿತು. ಮಂತ್ರ ಮಾತ್ರ ನಡೆಯುತ್ತಿತ್ತು. ಇಪ್ಪತ್ತು ಮಕ್ಕಳು ಮಾಲೆ ಹಿಡಿದುಕೊಂಡು, ಯಾರೂ ಎಳೆಯದೆ, ಪುಟ್ಟಿಯನ್ನೇ ನೋಡುತ್ತಾ ಕೂತಿದ್ದರು. ಅವಳು ಮಣಿಯನ್ನು ಚೀಪಿ, ತಿರುಗಿಸಿ ನೋಡಿ, ಸಾಕಾದ ಮೇಲೆ ಬಿಟ್ಟಳು. ಪಕ್ಕದ ಹುಡುಗ ಒದ್ದೆಯಾಗಿದ್ದ ಮಣಿಯನ್ನು ಹಾಗೇ ತೆಗೆದುಕೊಂಡು, ತಲೆಬಾಗಿ, ಮುಂದಕ್ಕೆ ಕೊಟ್ಟ.